ಎಡಕಲ್ಲಿಗೆ ಹೊರಡುವ ಮುನ್ನ

ಕೊಡಗಿನ ಸಿದ್ದಾಪುರದಲ್ಲಿ ಸಂತೆಯ ದಿನ ಒಂದು ಗಳಿಗೆ ನಿಂತರೆ ಸಾಕು, ಕನ್ನಡ, ಕೊಡವ, ಮಲಯಾಳ, ತಮಿಳು, ಯರವ ನುಡಿಗಳೆಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಸೇತುವೆಯ ಕೆಳಗೆ ಕಾವೇರಿ, ಆಚೆ ದಡದಲ್ಲಿ ನೆಲ್ಲಿಹುದಿಕೇರಿ, ಸುತ್ತಲೂ ಕಾಫಿ ತೋಟ, ಮರಮರಕ್ಕೂ ಹಬ್ಬಿದ ಕರಿಮೆಣಸಿನ ಬಳ್ಳಿ. ತೋಟದ ಕೆಲಸ ಅರಸಿ ಬಂದವರ ಜೊತೆ ಕೇರಳದ ವಯನಾಡಿನ ನಂಟೂ ಈ ಊರಿಗೆ ಅಂಟಿಕೊಂಡಿದೆ. ಆ ವಯನಾಡಿನ ಗುಡ್ಡವೊಂದು ಕನ್ನಡಿಗರ ಮನೆಮಾತಾದದ್ದು ಕೊಡಗಿನ ಒಬ್ಬ ಮೇಷ್ಟ್ರಿಂದ.

ಭಾರತೀಸುತ ಎಂಬ ಹೆಸರಿನಲ್ಲಿ ಬರೆದ ಎಸ್.ಆರ್. ನಾರಾಯಣರಾವ್ (1915-1976) ಆ ಮೇಷ್ಟ್ರು. ಅವರ ಕಾದಂಬರಿ ‘ಎಡಕಲ್ಲು ಗುಡ್ಡದ ಮೇಲೆ’ಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆರೆಗೆ ತಂದರು. ‘ಬಯಲುದಾರಿ’, ‘ಗಿರಿಕನ್ಯೆ’, ‘ಹುಲಿಯ ಹಾಲಿನ ಮೇವು’ ಚಿತ್ರಗಳಿಗೂ ಅವರ ಕಾದಂಬರಿಗಳೇ ಮೂಲ. ಚಿತ್ರಗಳ ಹಾಡುಗಳನ್ನು ಇಂದಿಗೂ ಗುನುಗುವವರಿದ್ದಾರೆ. ಬರೆದವರ ಹೆಸರು ಕೇಳಿದರೆ ತಡವರಿಸುವವರೇ ಹೆಚ್ಚು.

ಸಿದ್ದಾಪುರದಿಂದ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಪಾಲಿಬೆಟ್ಟ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ದಾಟಿದರೆ ಗಡಿಯ ಕುಟ್ಟ. ಅಲ್ಲಿಂದ ತೋಲ್ಪೆಟ್ಟಿಯ ಕಾಡು. ಆನೆಗಳು ಓಡಾಡುವ ದಾರಿ, ವಾಹನ ನಿಲ್ಲಿಸಿ ಇಳಿಯಬಾರದು. ಮಾನಂದವಾಡಿ, ಸುಲ್ತಾನ್ ಬತ್ತೇರಿಯ ಮೂಲಕ ಅಂಬಲವಯಲ್ ತಲುಪಿದರೆ ಎಡಕಲ್ಲು ಹತ್ತಿರ. ಕೊನೆಯ ಏರು ಕಡಿದಾಗಿದೆ. ಹಿರಿಯರು ನಿಧಾನವಾಗಿ ಹತ್ತಬೇಕು, ಮಕ್ಕಳ ಕೈ ಬಿಡಬಾರದು.

ಎಲ್ಲರೂ ಗುಹೆ ಎನ್ನುವುದು ವಾಸ್ತವವಾಗಿ ಬಂಡೆಯ ದೊಡ್ಡ ಸೀಳು. ಮೇಲಿನಿಂದ ಉರುಳಿದ ಭಾರೀ ಕಲ್ಲೊಂದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಸೂರಾಗಿ ನಿಂತಿದೆ. ಎಡೆಯಲ್ಲಿರುವ ಕಲ್ಲು, ಅದೇ ಎಡಕಲ್ಲು. ಗೋಡೆಗಳ ಮೇಲೆ ನವಶಿಲಾಯುಗದ್ದೆನ್ನುವ ಕೊರೆದ ಚಿತ್ರಗಳಿವೆ: ತಲೆಯ ಮೇಲೆ ಅಲಂಕಾರ ಹೊತ್ತ ಮನುಷ್ಯರು, ಪ್ರಾಣಿಗಳು, ಗೆರೆಗಳ ಜಾಲ. ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇವನ್ನು ವಿದ್ವಾಂಸರ ಗಮನಕ್ಕೆ ತಂದರು.

ಆ ಕಲ್ಲಿನ ಕೆಳಗೆ ನಿಂತಾಗ ಚಿತ್ರದ ಮಾಧವಿ ನೆನಪಾಗದೆ ಇರುವುದಿಲ್ಲ. ದಾಂಪತ್ಯದೊಳಗೇ ಒಂಟಿಯಾದ ಆ ಹೆಣ್ಣು ಕರ್ತವ್ಯಕ್ಕೂ ಆಸೆಗೂ ನಡುವೆ ಸಿಕ್ಕಿಕೊಂಡವಳು. ಬೀಳಲೂ ಆಗದು, ಬಿಡಿಸಿಕೊಳ್ಳಲೂ ಆಗದು. ಜಯಂತಿ ಆ ಪಾತ್ರವನ್ನು ಅಳುಕಿಲ್ಲದೆ ನಿರ್ವಹಿಸಿದರು. ನಾಯಕನಾದ ಚಂದ್ರಶೇಖರ್ ಅವರಿಗಂತೂ 2018ರಲ್ಲಿ ತೀರಿಕೊಳ್ಳುವವರೆಗೂ ‘ಎಡಕಲ್ಲು’ ಹೆಸರಿನ ಭಾಗವಾಗಿಯೇ ಉಳಿಯಿತು.

ಬ್ರೆಜಿಲ್ ಎಂದರೆ ಸಿದ್ದಾಪುರದ ಬೆಳೆಗಾರರಿಗೆ ಮೊದಲು ಹೊಳೆಯುವುದು ಕಾಫಿ ದರ. ಅದೇ ದೇಶದ ನಿರ್ದೇಶಕ ಫರ್ನಾಂಡೊ ಮೀರೆಲೆಸ್ ಪೋರ್ಚುಗಲ್‌ನ ಜೋಸೆ ಸರಮಾಗೊ ಅವರ ‘ಬ್ಲೈಂಡ್‌ನೆಸ್’ ಕಾದಂಬರಿಯನ್ನು 2008ರಲ್ಲಿ ಚಿತ್ರವಾಗಿಸಿದರು. ಊರಿಗೆ ಊರೇ ಕುರುಡಾಗುವ ಆ ಕಥೆಯಲ್ಲಿ ಊರಿಗೆ ಹೆಸರೇ ಇಲ್ಲ. ಅದು ಎಲ್ಲಿ ಬೇಕಾದರೂ ನಡೆಯಬಹುದು. ಭಾರತೀಸುತರದು ಬೇರೆ ದಾರಿ. ಅವರು ಗುಡ್ಡದ ಹೆಸರನ್ನೇ ಕಥೆಯ ಹಣೆಗೆ ಬರೆದರು. ಗುಡ್ಡವನ್ನು ಕಂಡವರಿಗೆ ಆ ಹೆಸರಿನ ಭಾರ ತಿಳಿಯುತ್ತದೆ.

ಇದು ಬೆಳೆದ ಮಕ್ಕಳು ನೋಡಬಹುದಾದ ಚಿತ್ರ. ತಂದೆತಾಯಿಯರು ಜೊತೆಗೆ ಕುಳಿತು ನೋಡಿ, ಆಮೇಲೆ ಮಾತನಾಡುವುದು ಇನ್ನೂ ಒಳ್ಳೆಯದು. ಮಾಧವಿ ತಪ್ಪಿತಸ್ಥೆಯೋ, ಅವಳನ್ನು ಒಂಟಿಯಾಗಿಸಿದ ಬದುಕು ತಪ್ಪಿತಸ್ಥವೋ ಎಂಬ ಪ್ರಶ್ನೆಗೆ ಪರೀಕ್ಷೆಯ ಉತ್ತರದಂತೆ ಒಂದೇ ಸಾಲಿನ ಉತ್ತರ ಸಿಗದು. ಆದರೆ ಅದಕ್ಕೂ ಮೊದಲು ಊರಿನ ಗ್ರಂಥಾಲಯದಲ್ಲಿ ಕಾದಂಬರಿಯನ್ನು ಹುಡುಕಿ ಓದಿ. ಪುಟ್ಟಣ್ಣನವರ ಕಣ್ಣಿನಿಂದ ನೋಡುವ ಮುನ್ನ ಮಾಧವಿಗೊಂದು ಮುಖವನ್ನು ನೀವೇ ಕಲ್ಪಿಸಿಕೊಂಡಿರಬೇಕು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ರಜೆಯಲ್ಲಿ ಹತ್ತಿದರಾಯಿತು.