ರೈಲುಗಾಡಿಯ ಕಿರಿಯ ವರ್ತಕ

ವ್ಯಾಪಾರಕ್ಕೆ ಮೊದಲು ಬೇಕಾದುದು ಹಣವೆಂಬುದು ಲೋಕದ ನಂಬಿಕೆ. ಹಣದಷ್ಟೇ ಅವಶ್ಯಕವಾದ ಇನ್ನೊಂದು ಬಂಡವಾಳವುಂಟು. ಜನರಿಗೆ ಯಾವಾಗ ಏನು ಬೇಕೆಂಬುದನ್ನು ಮುಂಚಿತವಾಗಿ ಅರಿಯುವ ಬುದ್ಧಿಯೇ ಅದು. ಥಾಮಸ್ ಆಲ್ವ ಎಡಿಸನ್ನನ ಬಾಲ್ಯವು ಇದಕ್ಕೆ ಒಳ್ಳೆಯ ನಿದರ್ಶನ.

1847ರಲ್ಲಿ ಅಮೆರಿಕದಲ್ಲಿ ಜನಿಸಿದ ಎಡಿಸನ್, ತನ್ನ 12ನೆಯ ವಯಸ್ಸಿನಲ್ಲಿಯೇ ಪೋರ್ಟ್ ಹ್ಯೂರನ್ನಿಗೂ ಡೆಟ್ರಾಯಿಟ್ ನಗರಕ್ಕೂ ನಡುವೆ ಓಡಾಡುವ ರೈಲುಗಾಡಿಯಲ್ಲಿ ಪತ್ರಿಕೆ, ಮಿಠಾಯಿಗಳನ್ನು ಮಾರತೊಡಗಿದನು. ಗಳಿಕೆಯಲ್ಲಿ ದಿನಕ್ಕೊಂದು ಡಾಲರನ್ನು ತಾಯಿಗೆ ಕೊಡುತ್ತಿದ್ದನು. ಪತ್ರಿಕೆಯ ವ್ಯಾಪಾರದಲ್ಲಿ ಒಂದು ತೊಡಕುಂಟು. ಇಂದು ಮಾರಾಟವಾಗದ ಪತ್ರಿಕೆ ನಾಳೆಗೆ ರದ್ದಿ. ಹೆಚ್ಚು ಕೊಂಡರೆ ನಷ್ಟ. ಕಡಿಮೆ ಕೊಂಡರೆ ಗಿರಾಕಿಗಳಿಗೆ ನಿರಾಸೆ. ಆದುದರಿಂದ ಅವನು ಪತ್ರಿಕಾಲಯಕ್ಕೆ ಹೋಗಿ, ಅಚ್ಚಿನ ಮೊಳೆ ಜೋಡಿಸುವವರಿಂದ ಅಂದಿನ ಮುಖ್ಯ ಸುದ್ದಿಯನ್ನು ಮೊದಲೇ ಕೇಳಿ ತಿಳಿದು, ಅದಕ್ಕೆ ತಕ್ಕಷ್ಟು ಪ್ರತಿಗಳನ್ನು ಕೊಳ್ಳುತ್ತಿದ್ದನು.

1862ರ ಏಪ್ರಿಲ್ ತಿಂಗಳು. ಅಮೆರಿಕದ ಅಂತರ್ಯುದ್ಧದಲ್ಲಿ ಶೈಲೋ ಎಂಬಲ್ಲಿ ಘೋರ ಕದನ ನಡೆದ ವಾರ್ತೆ ಡೆಟ್ರಾಯಿಟ್ಟಿಗೆ ಬಂದಿತು. ಸುದ್ದಿ ಫಲಕದ ಮುಂದೆ ನೆರೆದ ಜನಸಂದಣಿಯನ್ನು ಕಂಡು ಬಾಲಕನಿಗೆ ಉಪಾಯವೊಂದು ಹೊಳೆಯಿತು. ಅವನು ತಂತಿ ಕಚೇರಿಯ ನೌಕರನ ಬಳಿಗೆ ಓಡಿದನು. ಯುದ್ಧದ ಸುದ್ದಿಯನ್ನು ಮುಂದಿನ ನಿಲ್ದಾಣಗಳಿಗೆ ತಂತಿಯ ಮೂಲಕ ತಿಳಿಸಿ, ಅಲ್ಲಿನ ಹಲಗೆಗಳ ಮೇಲೆ ಸೀಮೆಸುಣ್ಣದಿಂದ ಬರೆಯಿಸಬೇಕೆಂದು ಬೇಡಿದನು. ಪ್ರತಿಯಾಗಿ ಕೆಲವು ತಿಂಗಳು ಪತ್ರಿಕೆಗಳನ್ನು ಪುಕ್ಕಟೆಯಾಗಿ ಕೊಡುವುದಾಗಿ ಮಾತುಕೊಟ್ಟನು. ಅನಂತರ 1,000 ಪ್ರತಿಗಳು ಬೇಕೆಂದು ಪತ್ರಿಕಾಲಯಕ್ಕೆ ಹೋದನು. ಅವನೇ ಮುಂದೆ ನೆನೆದಂತೆ, ಕೈಯಲ್ಲಿದ್ದ ಹಣ 300 ಪ್ರತಿಗಳಿಗಷ್ಟೇ ಸಾಕಾಗುವಂತಿತ್ತು. ಉಳಿದುದನ್ನು ಸಾಲವಾಗಿ ಕೇಳಿದನು. ಒಬ್ಬರು ನಿರಾಕರಿಸಿದರು, ಮತ್ತೊಬ್ಬರು ಹುಡುಗನ ಧೈರ್ಯವನ್ನು ಮೆಚ್ಚಿ ಕೊಡಿಸಿದರು. ಎಣಿಕೆ ತಪ್ಪಿದ್ದರೆ ಸಾಲದ ಹೊರೆಯೊಂದೇ ಅವನಿಗೆ ಉಳಿಯುತ್ತಿತ್ತು.

ಎಣಿಕೆ ತಪ್ಪಲಿಲ್ಲ. ಸಾಮಾನ್ಯವಾಗಿ ಎರಡೇ ಪ್ರತಿಗಳು ಖರ್ಚಾಗುತ್ತಿದ್ದ ಮೊದಲ ನಿಲ್ದಾಣದಲ್ಲಿ ಅಂದು 35 ಪ್ರತಿಗಳು ಮಾರಾಟವಾದುವು. ಮುಂದಿನ ನಿಲ್ದಾಣದಲ್ಲಿ ಅವನು 5 ಸೆಂಟಿನ ಪತ್ರಿಕೆಯನ್ನು 10 ಸೆಂಟಿಗೆ ಏರಿಸಿದನು. ಕೊನೆಯ ಊರಿನಲ್ಲಿ 25 ಸೆಂಟಿಗೆ ಮಾರಿದನು. ಒಂದು ಪ್ರತಿಯೂ ಉಳಿಯಲಿಲ್ಲ.

ಜನರು ಆತಂಕದಲ್ಲಿದ್ದಾಗ ಬೆಲೆಯೇರಿಸಿದುದು ಉಚಿತವೇ? ರಣರಂಗಕ್ಕೆ ಹೋದ ಮಕ್ಕಳ ಸುದ್ದಿಗಾಗಿ ಕಾತರಿಸುತ್ತಿದ್ದ ತಾಯಿತಂದೆಗಳೂ ಆ ಗುಂಪಿನಲ್ಲಿ ಇದ್ದಿರಬಹುದು. ಇದು ಪ್ರತಿಯೊಬ್ಬ ವರ್ತಕನೂ ತನ್ನ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ. ಆದರೆ ಅಂದಿನ ಲಾಭ ಬರಿಯ ನಾಣ್ಯಗಳಲ್ಲಿಯೇ ಮುಗಿಯಲಿಲ್ಲ. ತಂತಿಯ ಅದ್ಭುತ ಶಕ್ತಿಯನ್ನು ಬಾಲಕನು ಕಣ್ಣಾರೆ ಕಂಡನು. ಅದೇ ವರ್ಷ ಅವನು ಸರಕಿನ ಡಬ್ಬಿಯಲ್ಲಿ ಸಣ್ಣದೊಂದು ಮುದ್ರಣಯಂತ್ರವನ್ನಿರಿಸಿ ತನ್ನದೇ ವಾರಪತ್ರಿಕೆಯನ್ನು ಅಚ್ಚುಮಾಡಿದನು. ತಿಂಗಳಿಗೆ ಅದರ ಚಂದಾ 8 ಸೆಂಟು. ಹಳಿಯ ಮೇಲೆ ಆಡುತ್ತಿದ್ದ ನಿಲ್ದಾಣಾಧಿಕಾರಿಯೊಬ್ಬರ ಮಗುವನ್ನು ಅಪಾಯದಿಂದ ಪಾರುಮಾಡಿದುದಕ್ಕೆ ಪ್ರತಿಯಾಗಿ, ಅವರಿಂದ ತಂತಿವಿದ್ಯೆಯನ್ನು ಕಲಿತದ್ದೂ ಆ ವರ್ಷದಲ್ಲಿಯೇ.

ಪತ್ರಿಕೆ ಮಾರಿ ಬಂದ ಹಣವೆಲ್ಲ ಕಾಲಕ್ರಮದಲ್ಲಿ ಖರ್ಚಾಗಿ ಹೋಯಿತು. ತಂತಿವಿದ್ಯೆ ಮಾತ್ರ ಹಲವು ವರ್ಷ ಅವನಿಗೆ ಅನ್ನವಿತ್ತಿತು. ಮುಂದಿನ ಅನೇಕ ಶೋಧನೆಗಳಿಗೆ ದಾರಿ ತೋರಿಸಿತು. ಸಣ್ಣ ಕಸುಬನ್ನೂ ಕಣ್ತೆರೆದು ಮಾಡುವವನಿಗೆ ಅದರ ಕೂಲಿಗಿಂತ ಅದರ ಕಲಿಕೆಯೇ ದೊಡ್ಡ ಲಾಭ.