ಹೊಸ ನೂಲು

ಅರವತ್ತು ತುಂಬಿದ ಮೇಲೆ ಮನುಷ್ಯನಿಗೆ ಹೊಸದೊಂದು ಹುಚ್ಚು ಹಿಡಿಯುವುದು ಶೋಭೆಯಲ್ಲವೆಂದು ಬಂಧುಗಳು ಹೇಳುತ್ತಾರೆ. ನಮಗೆ ಹಿಡಿದಿದೆ, ಮುಚ್ಚಿಟ್ಟು ಫಲವಿಲ್ಲ. ೩೪ ವರ್ಷ ಹುಡುಗರಿಂದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಾವು ಈಗ ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ಎರಡು ಕಡ್ಡಿಗಳಿಂದ ನೂಲನ್ನು ಹೆಣೆಯುತ್ತೇವೆ. ಬೀದಿಯಲ್ಲಿ ಹೋಗುವ ಹಳೆಯ ಶಿಷ್ಯರು ನಮಸ್ಕಾರ ಮಾಡಿ, ಕಡ್ಡಿಗಳನ್ನು ನೋಡಿ, ಮತ್ತೊಮ್ಮೆ ನಮ್ಮ ಮುಖವನ್ನು ನೋಡಿ ಮುಂದಕ್ಕೆ ಹೋಗುತ್ತಾರೆ. ಈ ಹುಚ್ಚು ಎಲ್ಲಿಂದ ಬಂದಿತೆಂಬುದನ್ನು ಹೇಳಿಬಿಡುವುದೇ ಲೇಸು.

೨೦೨೪ನೆಯ ಇಸವಿಯ ಜನವರಿಯಲ್ಲಿ ನಮ್ಮ ಮಗಳ ಸೀಮಂತಕ್ಕೆ ದಿನವನ್ನು ಗೊತ್ತುಮಾಡಿದ್ದೆವು. ಅಷ್ಟರಲ್ಲಿಯೇ ಒಂದು ರಾತ್ರಿ ಅಳಿಯಂದಿರಿಂದ ಫೋನು ಬಂದಿತು. ಮಗಳಿಗೆ ರಕ್ತದ ಒತ್ತಡ ಏರಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದರು. ನಾವು ದಂಪತಿಗಳು ಬೆಳಗಿನ ಜಾವದ ಬಸ್ಸು ಹಿಡಿದು ಹೋಗುವ ವೇಳೆಗೆ ಹೆರಿಗೆಯಾಗಿತ್ತು. ೪೦ ವಾರ ಗರ್ಭದಲ್ಲಿರಬೇಕಾದ ಹೆಣ್ಣುಕೂಸು ೩೧ ವಾರಕ್ಕೇ ಬಂದುಬಿಟ್ಟಿತ್ತು. ತೂಕ ೧,೩೫೦ ಗ್ರಾಂ. ನಮ್ಮ ಮನೆಗೆ ತಿಂಗಳಿಗೆ ತರುವ ತೊಗರಿಬೇಳೆ ಅದಕ್ಕಿಂತ ಹೆಚ್ಚು ತೂಗುವುದು.

ಕೂಸನ್ನು ಗಾಜಿನಂಥ ಪಾರದರ್ಶಕವಾದ ಒಂದು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಿದ್ದರು. ೩೪ ವಾರ ತುಂಬುವ ಮೊದಲು ಹೀರುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಶಿಶುವಿಗೆ ಸಾಮಾನ್ಯವಾಗಿ ಇರುವುದಿಲ್ಲವಂತೆ. ಆದುದರಿಂದ ತಾಯಿಯ ಹಾಲನ್ನು ಸಣ್ಣ ಕೊಳವೆಯ ಮೂಲಕ ಹೊಟ್ಟೆಗೇ ಬಿಡುತ್ತಿದ್ದರು. ವೈದ್ಯರನ್ನು ಕೇಳಿದರೆ "ಒಂದೊಂದೇ ದಿನ ನೋಡೋಣ" ಎನ್ನುವರು. ನಾವು ಹೊರಗಿನ ಬೆಂಚಿನ ಮೇಲೆ ಕುಳಿತು ವಿಷ್ಣುಸಹಸ್ರನಾಮವನ್ನು ಹೇಳಿಕೊಳ್ಳುವೆವು. ಎಂಟನೆಯ ವಯಸ್ಸಿನಿಂದ ನಾಲಿಗೆಯ ಮೇಲಿರುವ ಆ ಸ್ತೋತ್ರ ಅರ್ಧಕ್ಕೆ ಬರುವುದರೊಳಗೆ ಜಾಡು ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಆರಂಭಿಸುವೆವು. ವಿದ್ಯೆ ಕೈಬಿಡುವುದೆಂದರೇನೆಂದು ಆಗ ತಿಳಿಯಿತು.

ನಾಲ್ಕನೆಯ ದಿನ ದಾದಿಯೊಬ್ಬಳು ಹೊರಗೆ ಬಂದು ನಮ್ಮ ಮನೆಯವರನ್ನು ಕೇಳಿದಳು: "ಅಜ್ಜೀ, ನಿಮಗೆ ಹೆಣಿಗೆ ಬರುತ್ತಾ? ಪಾಪೂಗೆ ಟೋಪಿ ಬೇಕು. ಉಣ್ಣೆ ಬೇಡ, ಮೆತ್ತಗಿರೋ ಹತ್ತಿ ನೂಲಲ್ಲಿ ಹಾಕಿ. ಲಾಡಿ, ಗೊಂಡೆ ಏನೂ ಇರಬಾರದು." ಎಳೆಯ ಶಿಶುವಿನ ದೇಹದ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ ಇರುವುದು, ದಿನ ತುಂಬದ ಕೂಸಿಗೆ ಚರ್ಮದಡಿಯಲ್ಲಿ ಕೊಬ್ಬೂ ಸಾಲದು, ಆದುದರಿಂದ ತಲೆಯಿಂದ ಶಾಖ ಬೇಗನೆ ಹೊರಟುಹೋಗುವುದು. ಹಿಂದಿನವರು ಕುಲಾವಿ ಕಟ್ಟದೆ ಕೂಸನ್ನು ಹೊರಕ್ಕೆ ತರುತ್ತಿರಲಿಲ್ಲವಷ್ಟೆ. ಮನೆಯವರು ನಮ್ಮ ಕಡೆಗೆ ತಿರುಗಿ, "ನೀವು ಹೋಗಿ ನೂಲು ತನ್ನಿ, ೧೦ನೇ ನಂಬರಿನ ಕಡ್ಡೀನೂ ತನ್ನಿ" ಎಂದರು. ನಮ್ಮ ಕೈಗೆ ಏನಾದರೊಂದು ಕೆಲಸ ಕೊಡಬೇಕೆಂಬ ಉದ್ದೇಶವೂ ಅದರಲ್ಲಿದ್ದಿತೆಂದು ತೋರುತ್ತದೆ.

ಶಿವರಾಂಪೇಟೆಯ ಕಡೆ ಒಂದು ಅಂಗಡಿ ಸಿಕ್ಕಿತು. ಅಂಥ ಅಂಗಡಿಯೊಳಕ್ಕೆ ನಾವು ಕಾಲಿಟ್ಟುದು ಜನ್ಮದಲ್ಲಿ ಅದೇ ಮೊದಲು. ನೆಲದಿಂದ ಮಾಳಿಗೆಯವರೆಗೆ ಗೂಡುಗಳು. ಗೂಡುಗೂಡಿನಲ್ಲಿಯೂ ನೂಲಿನ ಉಂಡೆಗಳು. ಬದನೆಕಾಯಿ ಬಣ್ಣ, ಗಂಧದ ಬಣ್ಣ, ಎಲೆಹಸಿರು, ಮಾವಿನ ಚಿಗುರಿನ ಕೆಂಪು. ಅಂಗಡಿಯವನು "ಎಷ್ಟು ಪ್ಲೈ ಬೇಕು ಸಾರ್?" ಎಂದನು. ನಾವು ತಬ್ಬಿಬ್ಬಾದುದನ್ನು ಕಂಡು ಒಂದು ತುದಿಯನ್ನು ಬಿಚ್ಚಿ ತೋರಿಸಿದನು. ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ಹುರಿಮಾಡಿ, ಹಾಗೆ ಮಾಡಿದ ಎಳೆಗಳನ್ನು ಕೂಡಿಸಿ ವಿರುದ್ಧ ದಿಕ್ಕಿಗೆ ಹುರಿಮಾಡುತ್ತಾರೆ. ಒಂದರ ಹುರಿ ಬಿಚ್ಚಿಕೊಳ್ಳಹೋದರೆ ಇನ್ನೊಂದರ ಹುರಿ ತಡೆಯುವುದು. ಮೂರು ಮೂರಾಗಿ ಒಂಬತ್ತು ಎಳೆಗಳ ಜನಿವಾರವನ್ನು ಐವತ್ತು ವರ್ಷ ಹೆಗಲ ಮೇಲೆ ಹೊತ್ತಿದ್ದರೂ ನಾವು ಈ ಸಂಗತಿಯನ್ನು ಯೋಚಿಸಿರಲಿಲ್ಲ. ಕಡ್ಡಿಗಳ ಲೆಕ್ಕವಂತೂ ಇನ್ನೂ ವಿಚಿತ್ರ. ನಮ್ಮಲ್ಲಿ ನಡೆದುಬಂದ ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಅಂಕಿ ಏರಿದಂತೆ ಕಡ್ಡಿ ತೆಳ್ಳಗಾಗುವುದು: ೮ನೆಯದು ೪ ಮಿಲಿಮೀಟರು, ೧೦ನೆಯದು ಮೂರೂಕಾಲು.

ಓದುಗರು ಕ್ಷಮಿಸಬೇಕು. ಮೊಮ್ಮಗಳು ಪೆಟ್ಟಿಗೆಯಲ್ಲಿ ಉಸಿರಿಗಾಗಿ ಹೆಣಗುತ್ತಿದ್ದಾಗ ಅವಳ ತಾತನಾದ ನಾವು ಅಂಗಡಿಯಲ್ಲಿ ನಿಂತು ಅರಿಸಿನ ಬಣ್ಣದ ಒಂದು ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಸಂತೋಷಪಟ್ಟೆವು. ಹಗುರವಾಗಿ, ಬೆಚ್ಚಗೆ, ಹಿಡಿದರೆ ತಗ್ಗಿ ಬಿಟ್ಟರೆ ಉಬ್ಬುವ ಆ ವಸ್ತು ಇನ್ನೂ ಏನೂ ಆಗಿರಲಿಲ್ಲ. ಏನು ಬೇಕಾದರೂ ಆಗಬಹುದಾಗಿತ್ತು. ನಾಲ್ಕು ದಿನಗಳಲ್ಲಿ ನಮಗೆ ಆದ ಮೊದಲನೆಯ ಸಂತೋಷವದು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಆದರೆ ಕೈ ಉಂಡೆಯನ್ನು ಕೆಳಗಿಡಲಿಲ್ಲ. ಕುಲಾವಿಗೆ ಬೇಕಾದ ಬಿಳಿಯ ಹತ್ತಿನೂಲಿನ ಲಡಿಯೊಂದನ್ನೂ ಅದರೊಡನೆ ಬೇಡದಿದ್ದ ಹಳದಿಯ ಉಂಡೆಗಳು ನಾಲ್ಕನ್ನೂ ಕೊಂಡು ಬಂದೆವು.

"ಇದೇನಿದು ಇಷ್ಟೊಂದು?" ಎಂದು ಮನೆಯವರು ಕೇಳಿದರು. "ಮಗುವಿಗೆ ಎರಡು ವರ್ಷ ತುಂಬಿದಾಗ ಒಂದು ಸ್ವೆಟರಿಗೆ ಆದೀತೆಂದು..." ಎಂದು ನಮ್ಮ ಬಾಯಿಂದ ಹೊರಟುಹೋಯಿತು. ಮರುದಿನದ ಮಾತನ್ನೇ ವೈದ್ಯರು ಕೊಟ್ಟಿರಲಿಲ್ಲ. ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಿಂದಕ್ಕೆ ಕೊಟ್ಟು ಬರಲೇ?" ಎಂದೆವು. "ಬೇಡಿ, ಇರಲಿ" ಎಂದು ಅದನ್ನು ಚೀಲದ ತಳದಲ್ಲಿಟ್ಟರು.

ಲಡಿಯನ್ನು ಉಂಡೆಮಾಡಬೇಕಾದರೆ ಒಬ್ಬರು ಅದನ್ನು ಎರಡು ಕೈಗಳಿಗೆ ಹಾಕಿಕೊಂಡು ಕೂಡಬೇಕು. ಹಾಗೆ ಕೂತವರಿಗೆ ಮೂಗು ತುರಿಸಿದರೂ ಕೆರೆದುಕೊಳ್ಳುವ ಸ್ವಾತಂತ್ರ್ಯವಿಲ್ಲ. ನಾವು ಆಸ್ಪತ್ರೆಯ ಓಣಿಯಲ್ಲಿ ಕೈ ಚಾಚಿ ಕುಳಿತೆವು, ಮನೆಯವರು ಸುತ್ತತೊಡಗಿದರು. ನೂಲು ನಮ್ಮ ಕೈಯಿಂದ ಅವರ ಕೈಗೆ ಹರಿಯುವುದನ್ನು ನೋಡುತ್ತಿದ್ದಂತೆ, ವರ್ಷವರ್ಷವೂ ಕರಿಯ ಹಲಗೆಯ ಮೇಲೆ ಬರೆದಿದ್ದ ಒಂದು ಪಾಠ ನೆನಪಾಯಿತು. ಹರಡುವುದೆಂಬ ಅರ್ಥದ 'ತನ್' ಎಂಬ ಧಾತುವಿನಿಂದ ತಂತು ಎಂಬ ಶಬ್ದ ಬಂದಿದೆ. ಸಂತತಿ, ಸಂತಾನಗಳೂ ಅದರಿಂದಲೇ. ಎಷ್ಟು ತರಗತಿಗಳಿಗೆ ಇದನ್ನು ಹೇಳಿ, ಬರೆಯದವರ ಕಿವಿ ಹಿಂಡಿದ್ದೆವೋ! ಮೊಮ್ಮಗಳ ಬಾಗಿಲ ಮುಂದೆ ಲಡಿ ಹಿಡಿದು ಕುಳಿತಾಗಲ್ಲದೆ ಅದರ ಅರ್ಥ ನಮಗೇ ಹತ್ತಿರಲಿಲ್ಲ.

ಮೊದಲನೆಯ ಕುಲಾವಿ ದೊಡ್ಡದಾಯಿತು. ತುಂಬಿದ ತಿಂಗಳ ಕೂಸಿನ ಅಂದಾಜು ಕೈಯಲ್ಲಿ ಉಳಿದಿತ್ತು. ಎರಡನೆಯದೂ ಕಣ್ಣಿನವರೆಗೆ ಇಳಿಯಿತು. ೬೪ ಕುಣಿಕೆಗಳಿಂದ ಆರಂಭಿಸಿ, ಸುತ್ತಿಗೆ ಎಂಟೆಂಟರಂತೆ ಇಳಿಸುತ್ತ, ಕೊನೆಯಲ್ಲಿ ಉಳಿದ ಎಂಟರೊಳಗೆ ನೂಲನ್ನು ಪೋಣಿಸಿ ಬಿಗಿದ ಮೂರನೆಯದು ಸರಿಹೋಯಿತು. ಒಂದು ದೊಡ್ಡ ಮೂಸಂಬಿಯನ್ನು ಮುಚ್ಚಬಹುದಾದಷ್ಟು ಅಳತೆ.

ನಮ್ಮ ಪಕ್ಕದ ಬೆಂಚಿನಲ್ಲಿ ನಂಜನಗೂಡಿನ ಕಡೆಯ ಒಬ್ಬ ಅಜ್ಜಿ ಇದ್ದರು. ಅವರ ಮೊಮ್ಮಗನೂ ಅದೇ ಕೋಣೆಯಲ್ಲಿದ್ದನು. ನಮ್ಮ ಕೂಸಿಗಿಂತಲೂ ಹಗುರ. ಮನೆಯವರು ಕೇಳದೆಯೇ ಅವನಿಗೊಂದು ಕುಲಾವಿ ಹೆಣೆದುಕೊಟ್ಟರು. ಆ ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ದಾದಿಯ ಕೈಗೆ ಕೊಟ್ಟರು.

ಹೀಗೆ ನೋಡುತ್ತ ನೋಡುತ್ತ ನಮಗೂ ಕೈ ತುರಿಸಿತು. "ಒಂದು ನಿಟ್, ಒಂದು ಪರ್ಲ್, ಅಷ್ಟೇ" ಎಂದು ಮನೆಯವರು ಕಡ್ಡಿ ಕೊಟ್ಟರು. ಕಡ್ಡಿಯನ್ನು ಮುಂದಿನಿಂದ ಹೊಗಿಸುವುದೊಂದು, ಹಿಂದಿನಿಂದ ಹೊಗಿಸುವುದೊಂದು. ನಾವು ಅದನ್ನು ಅನುಲೋಮ, ವಿಲೋಮ ಎಂದು ಹೆಸರಿಟ್ಟುಕೊಂಡು ಕಲಿತೆವು. ನೇಯ್ಗೆಯಲ್ಲಿ ಹಾಸು ಹೊಕ್ಕು ಎಂದು ಎರಡು ಬಗೆಯ ನೂಲುಗಳು. ಹೆಣಿಗೆಯಲ್ಲಿ ಒಂದೇ ನೂಲು, ಕುಣಿಕೆಯೊಳಗೆ ಕುಣಿಕೆ. ಇದು ನೇಯ್ಗೆಯಷ್ಟು ಹಳೆಯ ವಿದ್ಯೆಯಲ್ಲ; ಈಜಿಪ್ಟಿನಲ್ಲಿ ದೊರೆತ ಹತ್ತಿಯ ಕಾಲುಚೀಲಗಳು ಬಹಳವೆಂದರೆ ಸಾವಿರ ವರ್ಷಗಳ ಈಚಿನವು. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ೧೫೮೯ರಲ್ಲಿಯೇ ಇದಕ್ಕೆ ಯಂತ್ರವನ್ನು ಮಾಡಿದನು. ಯಂತ್ರ ಬಂದು ನಾಲ್ಕು ಶತಮಾನಗಳಾದರೂ ಕೈ ಏಕೆ ಇದನ್ನು ಬಿಡಲಿಲ್ಲವೆಂಬುದು ಆ ಓಣಿಯಲ್ಲಿ ನಮಗೆ ಗೊತ್ತಾಯಿತು. ಎಣಿಸುತ್ತಿರುವ ತಲೆ ಬೇರೆ ಯೋಚನೆಗೆ ಪೂರ್ತಿ ಎಡೆಕೊಡಲಾರದು. ತಪ್ಪಿದರೆ ಎಳೆದು ಬಿಚ್ಚಬಹುದು, ನೂಲಿಗೆ ನಷ್ಟವಿಲ್ಲ. ಆ ದಿನಗಳಲ್ಲಿ ಬಿಚ್ಚಿ ಸರಿಮಾಡಬಹುದಾದುದು ಅದೊಂದೇ ಆಗಿತ್ತು.

ಹದಿಮೂರನೆಯ ದಿನ ಕೂಸಿಗೆ ಸೋಂಕು ತಗುಲಿತು. ಸಂಜೆ ವೈದ್ಯರು ಅಳಿಯಂದಿರನ್ನು ಒಳಕ್ಕೆ ಕರೆದು ಬಹಳ ಹೊತ್ತು ಮಾತನಾಡಿದರು. ರಾತ್ರಿ ಹತ್ತು ಗಂಟೆಯ ಸುಮಾರಿಗೆ ಮನೆಯವರು ಚೀಲದ ತಳಕ್ಕೆ ಕೈಹಾಕಿ ಹಳದಿಯ ನೂಲನ್ನು ತೆಗೆದರು. ಕಡ್ಡಿಯ ಮೇಲೆ ಒಂದೊಂದಾಗಿ ಕುಣಿಕೆಗಳನ್ನು ಹಾಕತೊಡಗಿದರು. ಎರಡು ವರ್ಷದ ಮಗುವಿನ ಸ್ವೆಟರಿನ ಬೆನ್ನು. ನಾವು ಏನನ್ನೂ ಕೇಳಲಿಲ್ಲ. ಬೆಳಗಾಗುವ ಹೊತ್ತಿಗೆ ನಾಲ್ಕು ಬೆರಳಿನಷ್ಟು ಎದ್ದಿತ್ತು.

ಆ ವಾರದ ಕೊನೆಗೆ ನಮ್ಮ ಕೂಸು ಚೇತರಿಸಿಕೊಂಡಿತು. ಪಕ್ಕದ ಪೆಟ್ಟಿಗೆ ಒಂದು ಮುಂಜಾನೆ ಬರಿದಾಗಿತ್ತು. ನಂಜನಗೂಡಿನ ಅಜ್ಜಿ ಗಂಟು ಕಟ್ಟಿಕೊಂಡು ಹೊರಡುವಾಗ ಮನೆಯವರ ಕೈಯನ್ನು ಹಿಡಿದುಕೊಂಡು ನಿಂತರು. ಆ ಕುಲಾವಿ ಏನಾಯಿತೆಂದು ನಾವು ಯಾರನ್ನೂ ಕೇಳಿಲ್ಲ.

ಬಳಿಕ ಮಗಳು ದಿನಕ್ಕೆ ಕೆಲವು ಗಂಟೆಗಳ ಕಾಲ ಕೂಸನ್ನು ಬರಿಯ ಎದೆಗೆ ಅವುಚಿಕೊಂಡು ಮಲಗಬೇಕೆಂದು ವಿಧಿಸಿದರು. ಕಾಂಗರೂ ಕ್ರಮವೆಂದು ಹೆಸರು. ೧೯೭೮ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಪೆಟ್ಟಿಗೆಗಳು ಸಾಲದೆ ಹೋದಾಗ, ಅಲ್ಲಿನ ವೈದ್ಯರು ಆರಂಭಿಸಿದ ಪದ್ಧತಿ. ತಾಯಿಯ ಸೆರಗಿನ ಮೇಲ್ಗಡೆ ಬಿಳಿಯ ಕುಲಾವಿಯೊಂದೇ ಕಾಣುತ್ತಿತ್ತು. ೪೬ನೆಯ ದಿನ ಮನೆಗೆ ಕಳುಹಿಸಿದರು.

ಈಗ ಮೊಮ್ಮಗಳಿಗೆ ಎರಡು ತುಂಬಿದೆ. ಹಳದಿಯ ಸ್ವೆಟರು ಸರಿಯಾಗಿದೆ. ತೋಳನ್ನು ಮಾತ್ರ ಒಂದು ಮಡಿಕೆ ಮಡಿಸಬೇಕು. ನಮ್ಮ ಮಫ್ಲರು ಒಂದೂವರೆ ವರ್ಷದಿಂದ ಒಂದು ಮೊಳದಲ್ಲಿಯೇ ನಿಂತಿದೆ, ಏಕೆಂದರೆ ನಡುವೆ ಬೇರೆ ಮೂರನ್ನು ಆರಂಭಿಸಿಬಿಟ್ಟೆವು. ಹಿಡಿದುದನ್ನು ಮುಗಿಸದೆ ಹೊಸ ನೂಲು ಮನೆಯೊಳಕ್ಕೆ ಬರಕೂಡದೆಂದು ಮನೆಯವರ ಕಟ್ಟಪ್ಪಣೆಯಾಗಿದೆ. ಹೋದ ವಾರ ಕಾಫಿಪುಡಿಗೆಂದು ಪೇಟೆಗೆ ಹೋದವರು ಗಿಳಿಹಸಿರಿನ ಆರು ಉಂಡೆಗಳನ್ನು ತಂದು, ಪುಸ್ತಕದ ಬೀರುವಿನಲ್ಲಿ ಅಮರಕೋಶದ ಹಿಂದೆ ಇಟ್ಟಿದ್ದೇವೆ. ಈ ಪತ್ರಿಕೆ ನಮ್ಮ ಮನೆಗೂ ಬರುವುದರಿಂದ, ಗುಟ್ಟು ಹೆಚ್ಚೆಂದರೆ ಮುಂದಿನ ಸಂಚಿಕೆಯವರೆಗೆ ಉಳಿದೀತು.