ಗೊಂಬೆಗಳು ನುಡಿದ ಸಾಕ್ಷ್ಯ

ಒಂದು ಸಂಜೆ ನಮ್ಮ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಮನೆಮಂದಿಯ ಚಿತ್ರ ಬರೆಯುತ್ತಿದ್ದಳು. ನಮಗೆಲ್ಲ ಕಂದುಬಣ್ಣ ತುಂಬಿದ ಮಗು ತನ್ನ ಮುಖಕ್ಕೆ ಮಾತ್ರ ತಿಳಿಗುಲಾಬಿ ಬಣ್ಣ ಬಳಿದಳು. "ಯಾಕವ್ವಾ, ನಿನ್ನ ಬಣ್ಣ ಇದಲ್ಲವಲ್ಲ?" ಎಂದು ಕೇಳಿದೆವು. ಅವಳು ಉತ್ತರಿಸದೆ ಕಾಗದವನ್ನು ಮಡಿಸಿಟ್ಟಳು. ಹಿಂದೆ ನಾವು ಓದಿದ್ದ ಕ್ಲಾರ್ಕ್ ದಂಪತಿಗಳ ಸಂಶೋಧನೆ ಆಗ ನೆನಪಿಗೆ ಬಂದಿತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದ ಕಾಲವದು. ಸೌಲಭ್ಯಗಳು ಸಮಾನವಾಗಿದ್ದರೆ ಪ್ರತ್ಯೇಕತೆ ಅನ್ಯಾಯವಲ್ಲವೆಂಬ ನ್ಯಾಯವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿಯೇ ಎತ್ತಿಹಿಡಿದಿತ್ತು. ಕಟ್ಟಡವನ್ನು ಅಳೆಯಬಹುದು, ಮಗುವಿನ ಮನಸ್ಸಿಗಾದ ಗಾಯವನ್ನು ಅಳೆಯುವವರಾರು? ಸ್ವತಃ ಕಪ್ಪು ಜನಾಂಗದವರೇ ಆದ ಮನೋವಿಜ್ಞಾನಿಗಳು ಮೇಮಿ ಮತ್ತು ಕೆನೆತ್ ಕ್ಲಾರ್ಕ್ ಈ ಕಾರ್ಯಕ್ಕೆ ಕೈಹಾಕಿದರು.

ಅವರು ಮೂರರಿಂದ ಏಳು ವರ್ಷದೊಳಗಿನ 253 ಕಪ್ಪು ಮಕ್ಕಳ ಮುಂದೆ ನಾಲ್ಕು ಗೊಂಬೆಗಳನ್ನಿಟ್ಟರು. ಬಣ್ಣದ ಹೊರತು ಅವುಗಳಲ್ಲಿ ಭೇದವಿರಲಿಲ್ಲ. ಆಟಕ್ಕೆ ಯಾವುದು ಬೇಕು, ಚೆಂದದ್ದು ಯಾವುದು, ಕೆಟ್ಟದಾಗಿ ಕಾಣುವುದು ಯಾವುದು ಎಂದು ಕೇಳಿದರು. 1947ರಲ್ಲಿ ಪ್ರಕಟವಾದ ವರದಿಯಂತೆ ಶೇಕಡಾ 67 ಮಕ್ಕಳು ಆಟಕ್ಕೆ ಬಿಳಿಯ ಗೊಂಬೆಯನ್ನು ಬಯಸಿದರು. ಶೇಕಡಾ 59 ಮಕ್ಕಳು ಕಂದು ಗೊಂಬೆಯನ್ನೇ ಕೆಟ್ಟದ್ದೆಂದರು. ಕೊನೆಗೆ "ನಿನ್ನಂತಿರುವುದು ಯಾವುದು?" ಎಂದಾಗ ಕೆಲವು ಮಕ್ಕಳು ಅತ್ತುಬಿಟ್ಟವು.

ಕೆನೆತ್ ಕ್ಲಾರ್ಕ್ 1951ರಲ್ಲಿ ದಕ್ಷಿಣ ಕೆರೊಲಿನಾದ ಶಾಲಾ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದರು. 1954ರ ಮೇ 17ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಶಾಲೆಗಳಲ್ಲಿನ ವರ್ಣಭೇದವು ಸಂವಿಧಾನಬಾಹಿರವೆಂದು ಸಾರಿದರು. ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕರ ಬರಹದ ಉಲ್ಲೇಖವಿದೆ. ಪ್ರಯೋಗಶಾಲೆಯ ವಿದ್ಯೆಯು ಹೀಗೆ ಸಮಾಜವನ್ನು ತಿದ್ದುವ ಸಾಧನವಾಯಿತು.

ಆದರೆ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಬಿಳಿಯ ಮಕ್ಕಳೊಡನೆ ಒಂದೇ ಶಾಲೆಯಲ್ಲಿ ಕಲಿಯುತ್ತಿದ್ದ ಉತ್ತರದ ಕಪ್ಪು ಮಕ್ಕಳೂ ಬಿಳಿಯ ಗೊಂಬೆಯನ್ನೇ ಹೆಚ್ಚಾಗಿ ಆರಿಸಿದ್ದರು. ವಿದ್ವಾಂಸರು ಮುಂದೆ ಇದನ್ನೇ ಹಿಡಿದು ಆ ಪ್ರಯೋಗವನ್ನು ಪ್ರಶ್ನಿಸಿದ್ದುಂಟು. ನಮಗೆ ಮಾತ್ರ ಇದರಲ್ಲಿ ಬೇರೊಂದು ಪಾಠ ಕಾಣುತ್ತದೆ: ಶಾಲೆಯೊಂದೇ ಮಗುವಿಗೆ ಕೀಳರಿಮೆಯನ್ನು ಕಲಿಸುವುದಿಲ್ಲ.

ನಮ್ಮ ಮನೆಯಲ್ಲಿ ಅದನ್ನು ಕಲಿಸಿದವರಾರು? ಬಂದ ಬೀಗರೆದುರು "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದು ಮೊಮ್ಮಗಳನ್ನು ಹೊಗಳುತ್ತಿದ್ದವರು ನಾವೇ. ಹೊಗಳಿಕೆಯೆಂದು ನಾವು ಭಾವಿಸಿದ್ದ ಮಾತಿನಲ್ಲಿ ಮಗು ಕೇಳಿಸಿಕೊಂಡದ್ದು 'ಆದರೂ' ಎಂಬುದನ್ನು ಮಾತ್ರ.

ಮರುದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಗೆ ಆಡಿದ್ದು ನಮ್ಮ ತಪ್ಪೆಂದು ಒಪ್ಪಿಕೊಂಡೆವು. ಅವಳು ಏನೂ ಹೇಳಲಿಲ್ಲ. ಆ ಮಾತು ಮಾತ್ರ ಅಂದಿನಿಂದ ನಮ್ಮ ಮನೆಯಲ್ಲಿ ನಿಂತಿದೆ. ಓದುವ ತಾಯಂದಿರೂ ಹಿರಿಯರೂ ತಮ್ಮ ಮನೆಯ ಮಾತುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿಕೊಳ್ಳಲೆಂದು ನಮ್ಮ ಬಿನ್ನಹ.